ಬೆರೆಂಗಾರಿಯೊ ಕಾಲದ ಮೂರು ಗಡಿಪ್ರಾಂತಗಳು: ಕಾವಲಿನ ಹುದ್ದೆ ಮನೆತನದ ಸ್ವತ್ತಾದದ್ದು ಹೇಗೆ?

ಗಡಿಕಲ್ಲು

ಮಧ್ಯಯುಗದ ಉತ್ತರ ಇಟಲಿಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ವೆನಿಸ್, ಮಿಲಾನ್, ಜಿನೋವಾ ನಗರಗಳ ಕಥೆಯೇ ನಡೆಯುತ್ತದೆ. ಆ ನಗರಗಳು ತಲೆಯೆತ್ತುವ ಮೊದಲು ಆಲ್ಪ್ಸ್ ಪರ್ವತದ ಕಣಿವೆಗಳನ್ನೂ ಲಿಗೂರಿಯಾದ ಕರಾವಳಿಯನ್ನೂ ಕಾಯುವ ಹೊಣೆ ಹೊತ್ತಿದ್ದ ಗಡಿಪ್ರಾಂತಗಳ ಬಗ್ಗೆ, ಅವುಗಳನ್ನು ಆಳಿದ ಮನೆತನಗಳ ಬಗ್ಗೆ ಇಲ್ಲಿ ಒಂದು ವಿಸ್ತಾರವಾದ ಚರ್ಚೆ ನಡೆಯಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪದದ ವಿಷಯ. ಲ್ಯಾಟಿನ್ ದಾಖಲೆಗಳಲ್ಲಿ ಇಂಥ ಪ್ರಾಂತಕ್ಕೆ 'ಮಾರ್ಕಾ' ಎಂದೂ ಅದರ ಅಧಿಕಾರಿಗೆ 'ಮಾರ್ಕಿಯೊ' ಎಂದೂ ಹೆಸರು. ಇಟಾಲಿಯನ್ನಿನ 'ಮಾರ್ಕೆಸೆ' ಅದರಿಂದಲೇ ಬಂದದ್ದು. ನಾನು ನೆಲಕ್ಕೆ ಗಡಿಪ್ರಾಂತ ಎಂದೂ ಆಳುವವನಿಗೆ ಮಾರ್ಕೆಸೆ ಎಂದೂ ಬಳಸುತ್ತೇನೆ. ಪಾಳೆಯಗಾರ ಎಂಬ ನಮ್ಮ ಪದ ಹತ್ತಿರವಿದೆ ಎನಿಸಿದರೂ ಅದಕ್ಕೆ ಅದರದೇ ಆದ ಕಾಲವೂ ನೆಲವೂ ಇರುವುದರಿಂದ ಇಲ್ಲಿಗೆ ತರುವುದು ಸರಿಯಲ್ಲ.

774ರಲ್ಲಿ ಶಾರ್ಲಮೇನ್ ಲೊಂಬಾರ್ಡರ ರಾಜ್ಯವನ್ನು ಗೆದ್ದ ಮೇಲೆ ಇಟಲಿಯಲ್ಲಿ ಫ್ರಾಂಕರ ಪದ್ಧತಿ ಜಾರಿಗೆ ಬಂತು. ಸಾಮಾನ್ಯ ಜಿಲ್ಲೆಗೆ ಒಬ್ಬ ಕೌಂಟ್. ಶತ್ರುಭಯವಿದ್ದ ಅಂಚಿನಲ್ಲಿ ಹಲವು ಜಿಲ್ಲೆಗಳನ್ನು ಒಟ್ಟುಗೂಡಿಸಿ, ಸೈನ್ಯವನ್ನು ತಾನೇ ಕರೆದು ನಡೆಸುವ ಅಧಿಕಾರದೊಂದಿಗೆ ಒಬ್ಬ ಮಾರ್ಕೆಸೆ. ಅದು ಅಪ್ಪಟ ಹುದ್ದೆಯಾಗಿತ್ತು ಎನ್ನಲು ಒಂದು ನಿದರ್ಶನ ಸಾಕು. ಪೂರ್ವದ ಫ್ರಿಯೂಲಿಯನ್ನು ನೋಡಿಕೊಳ್ಳುತ್ತಿದ್ದ ಬಾಲ್ಡ್ರಿಕ್ ಬಲ್ಗಾರರ ದಾಳಿಯನ್ನು ತಡೆಯುವಲ್ಲಿ ಅಸಡ್ಡೆ ತೋರಿದನೆಂದು 828ರಲ್ಲಿ ಅವನನ್ನು ತೆಗೆದುಹಾಕಿ, ಅವನ ಪ್ರಾಂತವನ್ನು ನಾಲ್ವರು ಕೌಂಟ್‌ಗಳಿಗೆ ಹಂಚಲಾಯಿತು. ಕೆಲಸ ಮಾಡದವನಿಗೆ ಹುದ್ದೆಯಿಲ್ಲ ಎಂಬಷ್ಟು ನೇರವಾದ ವ್ಯವಹಾರ.

ಅಲ್ಲಿಂದ ಸುಮಾರು 120 ವರ್ಷ ಮುಂದೆ ಬನ್ನಿ. ಇವ್ರೇಯಾದ ಮಾರ್ಕೆಸೆಯಾಗಿದ್ದ ಎರಡನೆಯ ಬೆರೆಂಗಾರಿಯೊ 950ರ ಡಿಸೆಂಬರ್ 15ರಂದು ಇಟಲಿಯ ರಾಜನಾಗುತ್ತಾನೆ. ಆ ಹೊತ್ತಿಗೆ ಇಂದಿನ ದಕ್ಷಿಣ ಫ್ರಾನ್ಸಿನ ಪ್ರೊವೆನ್ಸ್ ಕರಾವಳಿಯ ಫ್ರಾಕ್ಸಿನೇಟಮ್ ಎಂಬ ನೆಲೆಯಿಂದ ಸಾರಸೆನ್ ಎಂದು ಕರೆಯಲಾಗುತ್ತಿದ್ದ ಮುಸ್ಲಿಂ ದಾಳಿಕಾರರು ಆಲ್ಪ್ಸ್ ಕಣಿವೆಗಳನ್ನು ಆರು ದಶಕಗಳಿಂದ ಸೂರೆಮಾಡುತ್ತಿದ್ದರು. 935ರಲ್ಲಿ ಉತ್ತರ ಆಫ್ರಿಕಾದ ಫಾತಿಮಿ ಅರಸರ ನೌಕಾಪಡೆ ಜಿನೋವಾ ನಗರವನ್ನೇ ಲೂಟಿ ಮಾಡಿತ್ತು. ಈ ಹಿನ್ನೆಲೆಯಲ್ಲಿ ವಾಯವ್ಯ ಇಟಲಿಯಲ್ಲಿ ಮೂರು ಹೊಸ ಗಡಿಪ್ರಾಂತಗಳು ಮೂಡುತ್ತವೆ. ಟ್ಯೂರಿನ್ ಕಡೆಯದು ಬೋಳುತಲೆಯ ಆರ್ದುಯಿನೊಗೆ, ಮೊನ್‌ಫೆರಾಟೊ ಮತ್ತು ಸವೋನಾ ಕಡೆಯದು ಅಲೆರಾಮೊಗೆ, ಜಿನೋವಾ, ಲೂನಿ ಮತ್ತು ತೊರ್ತೋನಾ ಕಡೆಯದು ಒಬೆರ್ತೊಗೆ ಸೇರುತ್ತವೆ.

1100ರ ಹೊತ್ತಿಗೆ ಈ ಮೂರರಲ್ಲಿ ಒಂದು ಪ್ರಾಂತವೂ ಒಂದಾಗಿ ಉಳಿದಿರಲಿಲ್ಲ. ಆದರೆ ಅವುಗಳಿಂದ ಕವಲೊಡೆದ ಮನೆತನಗಳಲ್ಲಿ ಕೆಲವು ನೆಪೋಲಿಯನ್ ಬರುವವರೆಗೂ ಮಾರ್ಕೆಸೆ ಬಿರುದನ್ನು ಹೊತ್ತು ಆಳಿದವು. ಗಡಿ ಹೋಯಿತು, ಗಡಿಯ ಬಿರುದು ಉಳಿಯಿತು. ನನ್ನ ತಿಳಿವಳಿಕೆಯಲ್ಲಿ ಇದರ ಮರ್ಮ ಯುದ್ಧದಲ್ಲಿಲ್ಲ, ಆಸ್ತಿ ಹಂಚಿಕೆಯಲ್ಲಿದೆ. ಬಲ್ಲವರು ತಿದ್ದಬೇಕು, ಸೇರಿಸಬೇಕು.

ಶಾಸನಪ್ರಿಯ

ಗಡಿಕಲ್ಲು ಅವರೇ, ಒಳ್ಳೆಯ ವಿಷಯವನ್ನೇ ಎತ್ತಿದ್ದೀರಿ. ಆದರೆ ಒಂದು ಎಚ್ಚರಿಕೆಯನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬೆರೆಂಗಾರಿಯೊ ಮೂರು ಪ್ರಾಂತಗಳನ್ನು ರಚಿಸಿದನೆಂದು ಹೇಳುವ ರಾಜಾಜ್ಞೆ ಯಾವುದೂ ನಮ್ಮ ಕೈಗೆ ಬಂದಿಲ್ಲ. ಮುಂದಿನ ದಶಕಗಳ ದಾನಪತ್ರಗಳಲ್ಲಿ ಈ ಮೂವರಿಗೂ ಮಾರ್ಕೆಸೆ ಎಂಬ ಬಿರುದು ಕಾಣಿಸುವುದರಿಂದ ಇತಿಹಾಸಕಾರರು ಹಿಂದಕ್ಕೆ ಲೆಕ್ಕ ಹಾಕಿ ಅನುಮಾನಿಸಿದ ವಿಷಯ ಅದು. ಹಾಗಾಗಿ ಇಂದಿನ ಭೂಪಟಗಳಲ್ಲಿ ಮೂರು ಬಣ್ಣ ಬಳಿದು ತೋರಿಸುವ ಗೆರೆಗಳನ್ನು ಅಂದಿನವರು ಎಳೆದ ಗೆರೆಗಳೆಂದು ತಿಳಿಯಬಾರದು. ಒಂದು ಜಿಲ್ಲೆಯಾಗಿ ನಿಜವಾಗಿ ಕೆಲಸ ಮಾಡಿದ್ದಕ್ಕೆ ದಾಖಲೆ ಗಟ್ಟಿಯಾಗಿ ಸಿಗುವುದು ಟ್ಯೂರಿನ್ ಪ್ರಾಂತಕ್ಕೆ ಮಾತ್ರ. ಅಲೆರಾಮೊ ಮತ್ತು ಒಬೆರ್ತೊ ಮನೆಗಳಲ್ಲಿ ಬಿರುದು ಮೊದಲು ವ್ಯಕ್ತಿಗೆ, ಆಮೇಲೆ ಅವನ ಮಕ್ಕಳಿಗೆಲ್ಲ ಅಂಟಿಕೊಂಡಿತೇ ಹೊರತು ಒಂದು ನಿರ್ದಿಷ್ಟ ಸರಹದ್ದಿಗೆ ಅಂಟಿಕೊಳ್ಳಲಿಲ್ಲ.

ಅಲೆರಾಮೊ ವಿಷಯದಲ್ಲಿ ನಮಗೆ ಸಿಗುವ ದೊಡ್ಡ ದಾಖಲೆಯೆಂದರೆ 967ರ ಮಾರ್ಚ್ 23ರಂದು ರವೆನ್ನಾದಲ್ಲಿ, ಬೆರೆಂಗಾರಿಯೊನನ್ನು ಸೋಲಿಸಿದ ಜರ್ಮನ್ ದೊರೆ ಒಂದನೆಯ ಒಟ್ಟೊ ಚಕ್ರವರ್ತಿ ಹೊರಡಿಸಿದ ದಾನಪತ್ರ. ತಾನರೊ ಮತ್ತು ಓರ್ಬಾ ನದಿಗಳಿಂದ ಸಮುದ್ರದವರೆಗಿನ ಪಾಳುನೆಲದಲ್ಲಿದ್ದ 16 ಹಿಡುವಳಿಗಳನ್ನು ಅದು ಅವನಿಗೆ ಕೊಡುತ್ತದೆ. 'ಪಾಳು' ಎಂಬ ಆ ಒಂದು ಮಾತು ನನ್ನನ್ನು ಬಹಳ ಕಾಡಿದೆ. ದಾಳಿಗೆ ಹೆದರಿ ಜನ ಬಿಟ್ಟುಹೋದ, ಕಾಡು ಮತ್ತೆ ಹಬ್ಬಿದ ಗುಡ್ಡಗಳು ಅವು. ಚಕ್ರವರ್ತಿ ಕೊಟ್ಟದ್ದು ಸಿದ್ಧ ಸಂಪತ್ತನ್ನಲ್ಲ. ಒಕ್ಕಲು ಕೂಡಿಸಿ, ಕೋಟೆ ಕಟ್ಟಿ, ಮತ್ತೆ ಊರು ಮಾಡುವ ಕೆಲಸವನ್ನು.

ಸಾರಸೆನ್ನರ ಬಗ್ಗೆಯೂ ಒಂದು ಮಾತು. ಅವರನ್ನು ಬರಿಯ ಹೊರಗಿನ ಶತ್ರುಗಳೆಂದು ಕಾಣುವುದು ಅಂದಿನ ರಾಜಕೀಯಕ್ಕೆ ಹೊಂದುವುದಿಲ್ಲ. ಬೆರೆಂಗಾರಿಯೊಗಿಂತ ಮೊದಲಿದ್ದ ರಾಜ ಹ್ಯೂಗ್, 942ರಲ್ಲಿ ಬೈಜಾಂಟಿಯಂ ನೌಕಾಪಡೆಯ ನೆರವಿನಿಂದ ಫ್ರಾಕ್ಸಿನೇಟಮನ್ನು ಮುತ್ತಿ, ಇನ್ನೇನು ಮುಗಿಸುವ ಹಂತದಲ್ಲಿ ಅದೇ ಸಾರಸೆನ್ನರೊಂದಿಗೆ ಒಪ್ಪಂದ ಮಾಡಿಕೊಂಡ. ಜರ್ಮನಿಗೆ ಓಡಿಹೋಗಿದ್ದ ಬೆರೆಂಗಾರಿಯೊ ಸೈನ್ಯದೊಂದಿಗೆ ಮರಳದಂತೆ ಅವರು ಆಲ್ಪ್ಸ್ ದಾರಿಗಳನ್ನು ಕಾಯಬೇಕು ಎಂಬುದು ಷರತ್ತು. ಕ್ರೆಮೋನಾದ ಬಿಷಪ್ ಲಿಯುಟ್‌ಪ್ರಾಂಡ್ ಇದನ್ನು ಕೋಪದಿಂದಲೇ ದಾಖಲಿಸಿದ್ದಾನೆ. ಕೊನೆಗೆ 972ರಲ್ಲಿ ಕ್ಲೂನಿ ಮಠದ ಅಧಿಪತಿ ಮಯೋಲಸ್‌ನನ್ನೇ ಅವರು ಹಿಡಿದು ಒತ್ತೆಹಣ ಕೇಳಿದಾಗ ಎಲ್ಲೆಡೆ ಆಕ್ರೋಶ ಎದ್ದು, ಪ್ರೊವೆನ್ಸಿನ ವಿಲಿಯಂ ಮತ್ತು ಟ್ಯೂರಿನ್ನಿನ ಆರ್ದುಯಿನೊ ಸೇರಿ ಆ ನೆಲೆಯನ್ನು ಕಿತ್ತುಹಾಕಿದರು.

ಪೋ ತೀರವಾಸಿ

ನಾನು ಓದಿಗಾಗಿ ಟ್ಯೂರಿನ್ನಿಗೆ ಬಂದು ನಾಲ್ಕು ವರ್ಷವಾಯಿತು. ಸೂಸಾ ಕಣಿವೆಯ ರೈಲಿನಲ್ಲಿ ಕುಳಿತರೆ ಒಂದು ಗಂಟೆಯೊಳಗೆ ಈ ಚರ್ಚೆಯ ಅರ್ಧ ಭೂಗೋಳ ಕಿಟಕಿಯಲ್ಲಿ ಹಾದುಹೋಗುತ್ತದೆ. ಎರಡೂ ಕಡೆ ಬೆಟ್ಟಗಳು ಒತ್ತಿಕೊಂಡು ಬಂದು, ನಡುವೆ ನದಿ, ರಸ್ತೆ, ಹಳಿ ಮೂರಕ್ಕೇ ಜಾಗವಿರುವ ಆ ಕಣಿವೆಯನ್ನು ಕಂಡ ಮೇಲೆ, ಇಲ್ಲಿ ಗಡಿಯೆಂದರೆ ಉದ್ದಕ್ಕೆ ಎಳೆದ ಗೆರೆಯಲ್ಲ, ಒಂದು ಬಾಗಿಲು ಎಂಬುದು ಮನಸ್ಸಿಗೆ ಬಂತು. ಆ ಬಾಗಿಲ ಕೀಲಿ ಆರ್ದುಯಿನೊ ಮನೆತನದ ಕೈಯಲ್ಲಿತ್ತು.

ಕಣಿವೆಯ ತಲೆಯಲ್ಲಿ ನೊವಾಲೇಸಾ ಮಠವಿದೆ. 906ರ ಸುಮಾರಿಗೆ ಸಾರಸೆನ್ನರ ಭಯಕ್ಕೆ ಅಲ್ಲಿನ ಸನ್ಯಾಸಿಗಳು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಟ್ಯೂರಿನ್ನಿಗೆ ಓಡಿಬಂದರು. ಮುಂದಿನ ಶತಮಾನದಲ್ಲಿ ಅದೇ ಮಠದವರು ಬರೆದಿಟ್ಟ ವೃತ್ತಾಂತವು ಕಣಿವೆಯನ್ನು ವಶಪಡಿಸಿಕೊಂಡ ಆರ್ದುಯಿನೊನನ್ನು ಬಿಡುಗಡೆ ತಂದ ವೀರನೆಂದು ಹೊಗಳುವುದಿಲ್ಲ, ದುರಾಸೆಯವನೆಂದು ಜರೆಯುತ್ತದೆ. ಮಠದ ಭೂಮಿ ಮಠಕ್ಕೆ ಮರಳಲಿಲ್ಲ ಎಂಬುದು ಅವರ ಅಳಲು.

ಈ ಮನೆಯ ನಿಜವಾದ ದೊಡ್ಡ ವ್ಯಕ್ತಿ ಅದೆಲೈದೆ. ತಂದೆ ಓಲ್ದೆರಿಕೊ ಮನ್‌ಫ್ರೆದಿ 1034ರಲ್ಲಿ ಗಂಡುಮಕ್ಕಳಿಲ್ಲದೆ ತೀರಿಕೊಂಡಾಗ ಪ್ರಾಂತ ಆಕೆಯ ಪಾಲಿಗೆ ಬಂತು. ಸೈನ್ಯ ನಡೆಸುವ ಹುದ್ದೆಗೆ ಗಂಡಸೇ ಬೇಕೆಂದಿದ್ದುದರಿಂದ ಆಕೆ ಒಬ್ಬರ ಹಿಂದೆ ಒಬ್ಬರಂತೆ ಮೂವರನ್ನು ಮದುವೆಯಾದಳು. ಸ್ವೇಬಿಯಾದ ಹರ್ಮನ್, ಮೊನ್‌ಫೆರಾಟೊದ ಎನ್ರಿಕೊ, ಕೊನೆಗೆ ಸವೋಯ್ ಮನೆತನದ ಒದ್ದೋನೆ. ಮೂವರೂ ಆಕೆಯ ಕಣ್ಣೆದುರೇ ತೀರಿಹೋದರು. ಆಮೇಲೆ ಮೂರು ದಶಕ ಆಳಿದವಳು ಆಕೆಯೇ. ಆಸ್ತಿ (Asti) ಎಂಬ ಹೆಸರಿನ ನಗರ ತನಗೆ ಬಗ್ಗದಿದ್ದಾಗ 1070ರಲ್ಲಿ ಒಮ್ಮೆ, ಸಾಯುವ ವರ್ಷ 1091ರಲ್ಲಿ ಮತ್ತೊಮ್ಮೆ ಅದಕ್ಕೆ ಬೆಂಕಿ ಇಡಿಸಿದಳು.

1076ರ ಕೊನೆಯ ಚಳಿಗಾಲವನ್ನು ನೋಡಿ. ಪೋಪ್ ಏಳನೆಯ ಗ್ರೆಗರಿ ಬಹಿಷ್ಕರಿಸಿದ್ದ ಜರ್ಮನ್ ರಾಜ ನಾಲ್ಕನೆಯ ಹೆನ್ರಿ ಕ್ಷಮೆ ಕೇಳಲು ಇಟಲಿಗೆ ಹೊರಟ. ಅವನ ವಿರೋಧಿ ಡ್ಯೂಕ್‌ಗಳು ಉಳಿದ ಕಣಿವೆದಾರಿಗಳನ್ನೆಲ್ಲ ಮುಚ್ಚಿಸಿದ್ದರು. ಉಳಿದಿದ್ದು ಮೊನ್ ಸೆನಿಸ್ ದಾರಿ ಒಂದೇ. ಅದು ಅವನ ಅತ್ತೆಯಾದ ಅದೆಲೈದೆಯ ಕೈಯಲ್ಲಿತ್ತು, ಏಕೆಂದರೆ ಆಕೆಯ ಮಗಳು ಬೆರ್ತಾ 1066ರಿಂದ ಅವನ ಪತ್ನಿ. ಅಳಿಯನೆಂದು ಬಾಗಿಲು ಸುಮ್ಮನೆ ತೆರೆಯಲಿಲ್ಲ, ಒಂದು ಸೀಮೆಯನ್ನೇ ಬೆಲೆಯಾಗಿ ಪಡೆದ ಮೇಲೆ ದಾರಿಬಿಟ್ಟರು ಎಂದು ಹರ್ಸ್‌ಫೆಲ್ಡ್ ಮಠದ ಲ್ಯಾಂಬರ್ಟ್ ಬರೆಯುತ್ತಾನೆ. ಇಳಿಜಾರಿನ ಮಂಜುಗಡ್ಡೆಯ ಮೇಲೆ ಗಂಡಸರು ಕೈಕಾಲೂರಿ ತೆವಳಿದರಂತೆ, ಕೆಲವರು ದಾರಿ ತೋರುವವರ ಹೆಗಲಿಗೆ ಜೋತುಬಿದ್ದರಂತೆ. ರಾಣಿಯನ್ನೂ ಆಕೆಯ ಜೊತೆಯ ಹೆಂಗಸರನ್ನೂ ಎತ್ತಿನ ಚರ್ಮದ ಮೇಲೆ ಕೂರಿಸಿ, ಸ್ಥಳೀಯರು ಆ ಚರ್ಮವನ್ನು ಹಿಡಿದು ಕೆಳಕ್ಕೆ ಜಾರಿಸಿಕೊಂಡು ಹೋದರಂತೆ. ಕುದುರೆಗಳ ಕಾಲು ಕಟ್ಟಿ ಎಳೆದಾಗ ಬಹಳಷ್ಟು ಸತ್ತವು. ಲ್ಯಾಂಬರ್ಟ್ ಸ್ವತಃ ಅಲ್ಲಿರಲಿಲ್ಲ, ಹೆನ್ರಿಯ ಮೇಲೆ ಅವನಿಗೆ ಪ್ರೀತಿಯೂ ಇರಲಿಲ್ಲ. ಆದರೂ ಎತ್ತಿನ ಚರ್ಮದಂಥ ವಿವರ ಆ ಬೆಟ್ಟವನ್ನು ಬಲ್ಲವರಿಂದ ಕೇಳದೆ ಬಂದಿರಲಾರದು ಎಂದು ನನಗೆ ಅನಿಸುತ್ತದೆ.

ಪೋಪರು ತಂಗಿದ್ದ ಕನೋಸಾ ಕೋಟೆಯಲ್ಲಿ ಹೆನ್ರಿಯ ಪರವಾಗಿ ಪೋಪರ ಮುಂದೆ ನಿಂತವರಲ್ಲಿ ಕೋಟೆಯ ಒಡತಿ ಮತೀಲ್ದಾ ಜೊತೆಗೆ ಅದೆಲೈದೆಯೂ ಇದ್ದಳು, ಒಬೆರ್ತೊ ಸಂತತಿಯ ಆತ್ಸೊ ಎಂಬ ಮಾರ್ಕೆಸೆಯೂ ಇದ್ದ. ವಿಚಿತ್ರವೆಂದರೆ ಜರ್ಮನ್ ಕಡೆಯಿಂದ ದಾರಿಗಳನ್ನು ಮುಚ್ಚಿಸಿದ ಡ್ಯೂಕ್‌ಗಳಲ್ಲಿ ಒಬ್ಬನಾದ ವೆಲ್ಫ್, ಇದೇ ಆತ್ಸೊನ ಮಗ.

ಹಳೆಯ ನಕಾಶೆ

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದಿದೆ. ನನಗೆ ಎರಡು ಗೊಂದಲಗಳಿವೆ.

ಒಂದು, 1002ರಲ್ಲಿ ಇಟಲಿಯ ರಾಜನಾದ ಆರ್ದುಯಿನೊ ಟ್ಯೂರಿನ್ನಿನ ಈ ಮನೆಯವನೇ? ಎರಡು, 1037ರಲ್ಲಿ ಚಕ್ರವರ್ತಿ ಎರಡನೆಯ ಕಾನ್ರಾಡ್ ಮಿಲಾನ್ ನಗರಕ್ಕೆ ಮುತ್ತಿಗೆ ಹಾಕಿದ್ದಾಗ ಹೊರಡಿಸಿದ ಶಾಸನವು ಜಹಗೀರುಗಳನ್ನು ವಂಶಪಾರಂಪರ್ಯ ಮಾಡಿತೆಂದು ಓದಿದ್ದೇನೆ. ಹಾಗಾದರೆ ಗಡಿಪ್ರಾಂತಗಳು ಆಸ್ತಿಯಾಗಿ ಮಾರ್ಪಟ್ಟದ್ದು ಆ ಶಾಸನದಿಂದಲೇ ಎನ್ನಬಹುದಲ್ಲವೇ?

ಗಡಿಕಲ್ಲು

ಮೊದಲನೆಯ ಗೊಂದಲ ಬಹಳ ಜನರಿಗೆ ಆಗುತ್ತದೆ. ರಾಜನಾದವನು ಇವ್ರೇಯಾದ ಆರ್ದುಯಿನೊ. ಇವ್ರೇಯಾ ಪ್ರಾಂತ 890ರ ಆಸುಪಾಸಿನಲ್ಲಿ ಬರ್ಗಂಡಿಯಿಂದ ಬಂದ ಅನ್ಸ್ಕಾರಿಯೊಗಾಗಿ ಹುಟ್ಟಿದ್ದು. ಬೆರೆಂಗಾರಿಯೊ ಆ ಮನೆಯ ಮೊಮ್ಮಗ. ಈ ಆರ್ದುಯಿನೊಗೆ ಬಿಷಪ್‌ಗಳೊಂದಿಗೆ ಎಂದೂ ಹೊಂದಲಿಲ್ಲ. 997ರಲ್ಲಿ ವೆರ್ಚೆಲ್ಲಿಯ ಬಿಷಪ್ ಪೀಟರ್ ಅವನ ಕಡೆಯವರ ಕೈಯಲ್ಲಿ ಕೊಲೆಯಾದ. 999ರಲ್ಲಿ ರೋಮಿನ ಧರ್ಮಸಭೆ ಅವನಿಗೆ ಶಿಕ್ಷೆ ವಿಧಿಸಿತು. ಆದರೂ ಚಕ್ರವರ್ತಿ ಮೂರನೆಯ ಒಟ್ಟೊ ಸತ್ತ ಸುದ್ದಿ ಬಂದ ಕೂಡಲೇ 1002ರ ಫೆಬ್ರವರಿ 15ರಂದು ಪವಿಯಾದಲ್ಲಿ ಅವನಿಗೇ ಪಟ್ಟ ಕಟ್ಟಿದರು. ಜರ್ಮನ್ ರಾಜ ಎರಡನೆಯ ಹೆನ್ರಿ 1004ರಲ್ಲಿ ಅದೇ ನಗರದಲ್ಲಿ ತಾನೂ ಕಿರೀಟ ಧರಿಸಿದ. ಹತ್ತು ವರ್ಷ ಹೋರಾಡಿ ದಣಿದ ಆರ್ದುಯಿನೊ ಫ್ರುತುವಾರಿಯಾ ಮಠ ಸೇರಿ 1015ರಲ್ಲಿ ತೀರಿಕೊಂಡ. ಆಮೇಲೆ ಇವ್ರೇಯಾಕ್ಕೆ ಹೊಸ ಮಾರ್ಕೆಸೆಯನ್ನೇ ನೇಮಿಸಲಿಲ್ಲ. ಅಂದರೆ 11ನೇ ಶತಮಾನದ ಆರಂಭದಲ್ಲಿಯೂ ಚಕ್ರವರ್ತಿಗೆ ಮನಸ್ಸಿದ್ದರೆ ಒಂದು ಪ್ರಾಂತವನ್ನು ಇಲ್ಲವಾಗಿಸುವ ಶಕ್ತಿಯಿತ್ತು.

ಎರಡನೆಯದಕ್ಕೆ ನನ್ನ ಉತ್ತರ ಅಲ್ಲ ಎಂದೇ. 1037ರ ಶಾಸನ ರಕ್ಷಣೆ ಕೊಟ್ಟದ್ದು ಮುಖ್ಯವಾಗಿ ಕೆಳಹಂತದ ಯೋಧವರ್ಗದ ಹಿಡುವಳಿಗಳಿಗೆ. ಮಾರ್ಕೆಸೆಗಳು ಯಾವ ಶಾಸನಕ್ಕೂ ಕಾಯದೆ ಅದಕ್ಕಿಂತ ಮೊದಲೇ ಹುದ್ದೆಯನ್ನು ಮಕ್ಕಳಿಗೆ ದಾಟಿಸುತ್ತಿದ್ದರು. ಇದಕ್ಕಿಂತ ಮುಖ್ಯವಾದ ಶಾಸನ 1158ರದು. ರೊಂಕಾಲ್ಯಾ ಬಯಲಿನಲ್ಲಿ ಸಭೆ ಸೇರಿಸಿದ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ, ಡ್ಯೂಕ್ ಪ್ರಾಂತ, ಗಡಿಪ್ರಾಂತ, ಕೌಂಟ್ ಪ್ರಾಂತ ಯಾವುದನ್ನೂ ಇನ್ನು ಮುಂದೆ ಪಾಲು ಮಾಡಕೂಡದು ಎಂದು ಕಟ್ಟಪ್ಪಣೆ ಮಾಡಿದ. ನಿಷೇಧಿಸಬೇಕಾಗಿ ಬಂದದ್ದೇ ಪಾಲು ಎಷ್ಟು ಜೋರಾಗಿ ನಡೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ.

ಕಥೆ ಓದುವವಳು

ನಾನು ಇತಿಹಾಸದ ವಿದ್ಯಾರ್ಥಿನಿಯಲ್ಲ, ಐತಿಹ್ಯಗಳ ಆಸಕ್ತಿಯಿಂದ ಇಲ್ಲಿಗೆ ಬಂದವಳು. ಅಲೆರಾಮೊ ಹೆಸರು ನೋಡಿ ಬರೆಯದಿರಲಾಗಲಿಲ್ಲ. ಅವನು ಒಟ್ಟೊ ಚಕ್ರವರ್ತಿಯ ಮಗಳು ಅಲಾಸಿಯಾಳನ್ನು ಪ್ರೀತಿಸಿ, ಇಬ್ಬರೂ ಅರಮನೆ ಬಿಟ್ಟು ಓಡಿ, ಲಿಗೂರಿಯಾದ ಕಾಡಿನಲ್ಲಿ ಇದ್ದಿಲು ಸುಟ್ಟು ಮಾರಿ ಬದುಕಿದರಂತೆ. ಮುಂದೆ ಯುದ್ಧದಲ್ಲಿ ಅವನ ಶೌರ್ಯ ಕಂಡ ಚಕ್ರವರ್ತಿ ಕ್ಷಮಿಸಿ, ಮೂರು ದಿನದಲ್ಲಿ ಕುದುರೆಯ ಮೇಲೆ ಎಷ್ಟು ನೆಲ ಸುತ್ತುತ್ತೀಯೋ ಅಷ್ಟೂ ನಿನ್ನದು ಎಂದನಂತೆ. ನಡುದಾರಿಯಲ್ಲಿ ಲಾಳ ಕಳಚಿಬಿದ್ದಾಗ ಸುತ್ತಿಗೆ ಇಲ್ಲದೆ ಇಟ್ಟಿಗೆಯಿಂದಲೇ ಹೊಡೆದು ಕೂರಿಸಿದನಂತೆ. ಆ ಸೀಮೆಯ ಆಡುಮಾತಿನಲ್ಲಿ 'ಮುನ್' ಎಂದರೆ ಇಟ್ಟಿಗೆ, 'ಫ್ರಾ' ಎಂದರೆ ಲಾಳ ಹೊಡೆದದ್ದು. ಅದರಿಂದಲೇ ಮೊನ್‌ಫೆರಾಟೊ ಎಂಬ ಹೆಸರಂತೆ. ಇದರಲ್ಲಿ ನಿಜ ಎಷ್ಟಿದೆ ಎಂದು ತಿಳಿದವರು ಹೇಳುವಿರಾ?

ಶಾಸನಪ್ರಿಯ

ಮೇಡಂ, ಕಥೆಯನ್ನು ಚೆನ್ನಾಗಿ ನೆನಪಿಟ್ಟಿದ್ದೀರಿ. 967ರ ದಾನಪತ್ರದಲ್ಲಿ ಅಳಿಯ ಎಂಬ ಮಾತೇ ಇಲ್ಲ. ಅಲೆರಾಮೊ ಪತ್ನಿಯ ಹೆಸರು ಗೆರ್ಬೆರ್ಗಾ. 961ರಲ್ಲಿ ಇಬ್ಬರೂ ಸೇರಿ ಗ್ರಾತ್ಸಾನೊದಲ್ಲಿ ಮಠ ಕಟ್ಟಿಸಿದ ಪತ್ರ ಉಳಿದಿದೆ, ಅವನ ಸಮಾಧಿಯೂ ಅಲ್ಲಿಯೇ ಇದೆ. ಗೆರ್ಬೆರ್ಗಾ ಒಟ್ಟೊನ ಮಗಳಲ್ಲ, ಒಟ್ಟೊ ಸೋಲಿಸಿ ಸೆರೆಯಲ್ಲಿಟ್ಟ ಬೆರೆಂಗಾರಿಯೊನ ಮಗಳು! 966ರಲ್ಲಿ ಬೆರೆಂಗಾರಿಯೊ ದೂರದ ಬಾಂಬೆರ್ಗ್‌ನಲ್ಲಿ ಬಂದಿಯಾಗಿಯೇ ಸತ್ತ. ಮರುವರ್ಷವೇ ಅವನ ಅಳಿಯನಿಗೆ 16 ಹಿಡುವಳಿ ಸಿಕ್ಕಿದವು. ಅಲೆರಾಮೊ ಸಕಾಲದಲ್ಲಿ ಪಕ್ಷ ಬದಲಿಸಿದ್ದನೆಂದು ಇದರಿಂದ ಊಹಿಸಬಹುದು. ಮುಂದಿನ ಪೀಳಿಗೆಗಳಿಗೆ ಸೋತ ರಾಜನ ನಂಟು ಮರೆತು ಗೆದ್ದ ಚಕ್ರವರ್ತಿಯ ನಂಟು ಬೇಕಾಯಿತು. ಕಥೆ ಮಾವನನ್ನೇ ಬದಲಿಸಿತು. ನನ್ನ ಮಟ್ಟಿಗೆ ಆ ಐತಿಹ್ಯದ ಬೆಲೆ ಇರುವುದೇ ಅಲ್ಲಿ. ಲಾಳ, ಇಟ್ಟಿಗೆ ಎಲ್ಲ ಊರಹೆಸರಿಗೆ ಆಮೇಲೆ ಕಟ್ಟಿದ ವಿವರಣೆಗಳು.

ಹಳೆಯ ನಕಾಶೆ

ಗಡಿಕಲ್ಲು ಅವರ ಉತ್ತರಕ್ಕೆ ಧನ್ಯವಾದ. ಒಬೆರ್ತೊ ಸಂತತಿಯನ್ನು ಇನ್ನೂ ಯಾರೂ ಮುಟ್ಟಿಲ್ಲವಾದ್ದರಿಂದ ನಾನು ಓದಿದಷ್ಟನ್ನು ಬರೆಯುತ್ತೇನೆ.

ಈ ಮನೆಯವರು ದಾಖಲೆಗಳಲ್ಲಿ ತಾವು ಲೊಂಬಾರ್ಡ್ ಕಾನೂನಿನಂತೆ ಬಾಳುವವರೆಂದು ಘೋಷಿಸಿಕೊಳ್ಳುತ್ತಿದ್ದರು. ಆ ಕಾನೂನಿನಲ್ಲಿ ಗಂಡುಮಕ್ಕಳಿಗೆಲ್ಲ ಸಮಪಾಲು. ಎಸ್ತೆ, ಮಲಾಸ್ಪೀನಾ, ಪಲ್ಲವಿಚೀನೊ ಮನೆತನಗಳು ಈ ಒಂದೇ ಬೇರಿನ ಕವಲುಗಳು. ಎಸ್ತೆ ಕವಲಿನ ಹಿರಿಯನೇ ಮೇಲೆ ಹೇಳಿದ ಆತ್ಸೊ. ಜರ್ಮನ್ ಪತ್ನಿ ಕುನಿಗುಂಡೆಯಿಂದ ಹುಟ್ಟಿದ ಅವನ ಮಗ ವೆಲ್ಫ್ ತಾಯಿಯ ಕಡೆಯ ಆಸ್ತಿಗೆ ಬಾಧ್ಯಸ್ಥನಾಗಿ 1070ರಲ್ಲಿ ಬವೇರಿಯಾದ ಡ್ಯೂಕ್ ಆದ. ಅವನ ಗಂಡುಸಂತತಿಯೇ ಮುಂದೆ ಹಾನೋವರ್ ಮನೆತನವಾಗಿ 1714ರಲ್ಲಿ ಬ್ರಿಟನ್ನಿನ ಸಿಂಹಾಸನ ಏರಿತು. ಸ್ವಲ್ಪ ವಿಷಯಾಂತರವಾದರೂ ಹೇಳುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟನ್ನಿನ ಗದ್ದುಗೆಯ ಮೇಲಿದ್ದ ಮೂರನೆಯ ಜಾರ್ಜ್, ಗಂಡುಸಂತತಿಯ ಲೆಕ್ಕದಲ್ಲಿ, ಲೂನಿ ಕರಾವಳಿ ಕಾಯಲು ನೇಮಕಗೊಂಡಿದ್ದ ಒಬೆರ್ತೊನ ವಂಶಸ್ಥ. ಈ ಎಳೆ ಕಂಡ ದಿನ ನನಗೆ ಮೈ ಜುಮ್ಮೆಂದಿತ್ತು.

ಆದರೆ ಈ ಚರ್ಚೆಗೆ ಹೆಚ್ಚು ಹೊಂದುವುದು ಮಲಾಸ್ಪೀನಾ ಕವಲು. ಹೆಸರಿನ ಅರ್ಥವೇ ಕೆಟ್ಟ ಮುಳ್ಳು. ಮಾಗ್ರಾ ನದಿಯ ಕಣಿವೆಯಾದ ಲೂನಿಜಾನಾ ಇವರ ಸೀಮೆ; ಅಪೆನ್ನೈನ್ ಬೆಟ್ಟ ದಾಟಿ ರೋಮಿಗೆ ಹೋಗುವ ಯಾತ್ರಿಕರ ಹೆದ್ದಾರಿ ಅದರ ಮೂಲಕವೇ. 1167ರಲ್ಲಿ ರೋಮಿನಿಂದ ಹಿಮ್ಮೆಟ್ಟುತ್ತಿದ್ದ ಬಾರ್ಬರೋಸಾಗೆ ಪೊಂತ್ರೆಮೋಲಿಯವರು ದಾರಿ ಕೊಡದಿದ್ದಾಗ ಒಬಿತ್ಸೊ ಮಲಾಸ್ಪೀನಾ ತನ್ನ ನೆಲದ ಬೆಟ್ಟದಾರಿಗಳಲ್ಲಿ ಅವನನ್ನು ಪಾರುಮಾಡಿದ. ಆದರೆ ಅದೇ ಬಾರ್ಬರೋಸಾ ಪಾಲು ಮಾಡಕೂಡದೆಂದು ವಿಧಿಸಿದ್ದ ನಿಯಮವನ್ನು ಈ ಮನೆಯವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1221ರಲ್ಲಿ ಮಾಗ್ರಾ ನದಿಯನ್ನೇ ಎಲ್ಲೆಯಾಗಿಟ್ಟು ಪಾಲಾಯಿತು. ಬಲದಂಡೆ ಕೊರ್ರಾದೊಗೆ, ಎಡದಂಡೆ ಒಬಿತ್ಸೀನೊಗೆ. ಮನೆತನದ ಲಾಂಛನವಾದ ಮುಳ್ಳಿನ ಕೊಂಬೆಯನ್ನೂ ಹಂಚಿಕೊಂಡರು. ಒಂದು ಕವಲಿಗೆ ಒಣಮುಳ್ಳು, ಇನ್ನೊಂದಕ್ಕೆ ಹೂಬಿಟ್ಟ ಮುಳ್ಳು. 1266ರಲ್ಲಿ ಒಣಮುಳ್ಳಿನವರು ಮತ್ತೆ ನಾಲ್ಕು ಪಾಲಾದರು. ಹೀಗೆ ಪಾಲಿನ ಮೇಲೆ ಪಾಲಾಗಿ, ಕೊನೆಗೆ ಒಂದು ಕೋಟೆ ಮತ್ತು ಅದರ ಸುತ್ತಲಿನ ನಾಲ್ಕಾರು ಹಳ್ಳಿಗಳ ಒಡೆಯನೂ ಚಕ್ರವರ್ತಿಗೆ ನೇರವಾಗಿ ಅಧೀನನಾದ ಮಾರ್ಕೆಸೆ ಎನಿಸಿಕೊಳ್ಳುವ ಸ್ಥಿತಿ ಬಂತು. 1797ರಲ್ಲಿ ನೆಪೋಲಿಯನ್ ಇಂಥ ಹಿಡುವಳಿಗಳನ್ನೆಲ್ಲ ರದ್ದುಪಡಿಸುವವರೆಗೂ ಅವು ಜೀವ ಹಿಡಿದುಕೊಂಡಿದ್ದವು.

ಗಡಿಪಾರಾಗಿ ಅಲೆಯುತ್ತಿದ್ದ ಕವಿ ಡಾಂಟೆಗೆ ಆಶ್ರಯ ಕೊಟ್ಟವರಲ್ಲಿ ಇವರೂ ಸೇರಿದ್ದಾರೆ. 1306ರ ಅಕ್ಟೋಬರ್ 6ರಂದು ಸರ್ತ್ಸಾನಾದಲ್ಲಿ ಫ್ರಾಂಚೆಸ್ಕೀನೊ ಮಲಾಸ್ಪೀನಾನಿಂದ ಅಧಿಕಾರಪತ್ರ ಪಡೆದು, ಅದೇ ದಿನ ಕಾಸ್ತೆಲ್‌ನುವೊವೊದಲ್ಲಿ ಲೂನಿಯ ಬಿಷಪ್ ಜೊತೆ ರಾಜಿಪತ್ರಕ್ಕೆ ಮನೆತನದ ಪ್ರತಿನಿಧಿಯಾಗಿ ನಿಂತವನು ಡಾಂಟೆಯೇ.

ಶಾಸನಪ್ರಿಯ

ಗಡಿಕಲ್ಲು ಅವರ ಮೂಲ ಪ್ರಶ್ನೆಗೆ ಪೂರ್ವದ ಕಡೆಯಿಂದ ಒಂದು ಉತ್ತರವಿದೆ. ಹಂಗೇರಿಯ ಮಗ್ಯಾರರು 899ರ ಸೆಪ್ಟೆಂಬರಿನಲ್ಲಿ ಬ್ರೆಂತಾ ನದಿಯ ಬಳಿ, ಇಟಲಿಯ ಹಿಂದಿನ ರಾಜನಾದ ಒಂದನೆಯ ಬೆರೆಂಗಾರಿಯೊನ ಸೈನ್ಯವನ್ನು ನುಚ್ಚುನೂರು ಮಾಡಿದರು. 924ರಲ್ಲಿ ಪವಿಯಾವನ್ನೇ ಸುಟ್ಟರು. ಆ ಗಡಿಯನ್ನು ಇಟಲಿಯವರ ಕೈಯಲ್ಲಿ ಬಿಡುವುದು ಬೇಡವೆಂದು 952ರಲ್ಲಿ ಒಟ್ಟೊ ವೆರೋನಾ ಮತ್ತು ಅಕ್ವಿಲೇಯಾ ಸೀಮೆಗಳನ್ನು ಬೇರ್ಪಡಿಸಿ, ತನ್ನ ತಮ್ಮ, ಬವೇರಿಯಾದ ಡ್ಯೂಕ್ ಹೆನ್ರಿಯ ವಶಕ್ಕೆ ಕೊಟ್ಟ. ಮುಂದೆ ಕನೋಸಾದಿಂದ ಹೊರಬಂದ ನಾಲ್ಕನೆಯ ಹೆನ್ರಿ, ಅದೇ 1077ರ ಏಪ್ರಿಲ್ 3ರಂದು ಪವಿಯಾದಲ್ಲಿ, ಫ್ರಿಯೂಲಿಯ ಕೌಂಟ್ ಅಧಿಕಾರವನ್ನು ಅಕ್ವಿಲೇಯಾದ ಧರ್ಮಾಧ್ಯಕ್ಷ ಸಿಗೇಯರ್ಡ್‌ಗೆ ಕೊಟ್ಟ. ಧರ್ಮಾಧ್ಯಕ್ಷನಿಗೆ ವಾರಸು ಮಕ್ಕಳಿಲ್ಲ. ಅವನು ಸತ್ತರೆ ಹುದ್ದೆ ಖಾಲಿಯಾಗುತ್ತದೆ, ಆಸ್ತಿಯಾಗುವುದಿಲ್ಲ. 1420ರಲ್ಲಿ ವೆನಿಸ್ ನುಂಗುವವರೆಗೆ, 340 ವರ್ಷಕ್ಕೂ ಹೆಚ್ಚು ಕಾಲ, ಅಕ್ಕಪಕ್ಕದ ಕೌಂಟ್‌ಗಳ ಕಿರುಕುಳದ ನಡುವೆಯೂ ಆ ನಾಡು ಪಾಲಾಗದೆ ಉಳಿಯಿತು. ಪಶ್ಚಿಮದ ಮೂರು ಮನೆಗಳ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಗಡಿಕಲ್ಲು

ಈ ಹೋಲಿಕೆ ನನಗೆ ಹೊಳೆದಿರಲಿಲ್ಲ, ಬಹಳ ಉಪಕಾರವಾಯಿತು. ಇದನ್ನು ಓದಿದ ಮೇಲೆ ಟ್ಯೂರಿನ್ನಿನ ಅಂತ್ಯ ಇನ್ನೂ ಸ್ಪಷ್ಟವಾಗುತ್ತದೆ. ಅದೆಲೈದೆ 1091ರ ಡಿಸೆಂಬರ್ 19ರಂದು ತೀರಿಕೊಂಡಾಗ ಮಕ್ಕಳು ಆಕೆಗಿಂತ ಮೊದಲೇ ಹೋಗಿದ್ದರು. ಮೊಮ್ಮಗ ಎಂಬ ಹಕ್ಕಿನಿಂದ ನಾಲ್ಕನೆಯ ಹೆನ್ರಿಯ ಮಗ ಕಾನ್ರಾಡ್, ಸವೋಯ್ ಮನೆಯವರು, ಅದೆಲೈದೆಯ ತಂಗಿಯ ಮಗನಾದ ಅಲೆರಾಮೊ ವಂಶದ ಬೊನಿಫಾಚೊ ದೆಲ್ ವಾಸ್ತೊ, ಹೀಗೆ ಎಲ್ಲ ಕಡೆಯಿಂದ ಎಳೆದಾಟ. ಸೂಸಾ ಕಣಿವೆ ಸವೋಯ್‌ಗೆ ದಕ್ಕಿತು, ದಕ್ಷಿಣದ ಸೀಮೆ ಬೊನಿಫಾಚೊಗೆ. ನಗರಗಳಲ್ಲಿ ಬಿಷಪ್‌ಗಳೂ ನಾಗರಿಕ ಸಭೆಗಳೂ ತಲೆಯೆತ್ತಿದವು. ಸವೋಯ್‌ನವರು ಟ್ಯೂರಿನ್ ನಗರವನ್ನು ಗಟ್ಟಿಯಾಗಿ ಹಿಡಿದದ್ದು 1280ರಲ್ಲಿ, ಇಡೀ ಇಟಲಿಯ ರಾಜರಾದದ್ದು 1861ರಲ್ಲಿ.

ಮೊನ್‌ಫೆರಾಟೊ ಕವಲಿನದು ಬೇರೆಯೇ ದಾರಿ. ಅಲ್ಲಿ ಪ್ರಾಂತ ಹೆಚ್ಚುಕಡಿಮೆ ಒಬ್ಬನ ಕೈಯಲ್ಲೇ ಉಳಿಯಿತು, ಉಳಿದ ಗಂಡುಮಕ್ಕಳು ಕ್ರುಸೇಡ್ ಎಂಬ ಧರ್ಮಯುದ್ಧಗಳ ನೆಲಕ್ಕೆ ಸಮುದ್ರ ದಾಟಿದರು. ಹಿರಿಯ ವಿಲಿಯಂ 1187ರ ಜುಲೈನಲ್ಲಿ ಹತ್ತೀನ್ ಕಾಳಗದಲ್ಲಿ ಸುಲ್ತಾನ ಸಲಾದೀನನಿಗೆ ಸೆರೆಸಿಕ್ಕ. ಅದೇ ತಿಂಗಳು ಅವನ ಮಗ ಕೊರ್ರಾದೊ ಟೈರ್ ನಗರಕ್ಕೆ ಬಂದಿಳಿದು ರಕ್ಷಣೆಗೆ ನಿಂತ. ಸಲಾದೀನ್ ಮುದುಕ ತಂದೆಯನ್ನು ಕೋಟೆಯ ಮುಂದೆ ತಂದು ನಿಲ್ಲಿಸಿ, ಊರು ಕೊಟ್ಟರೆ ಬಿಡುತ್ತೇನೆ ಎಂದಾಗಲೂ ಮಗ ಜಗ್ಗಲಿಲ್ಲವೆಂದು ವೃತ್ತಾಂತಕಾರರು ಬರೆದಿದ್ದಾರೆ. ಜೆರುಸಲೇಮಿನ ರಾಜನೆಂದು ಆಯ್ಕೆಯಾದ ಕೆಲವೇ ದಿನಗಳಲ್ಲಿ, 1192ರ ಏಪ್ರಿಲ್ 28ರಂದು, ಅವನ ಕೊಲೆಯಾಯಿತು. ತಮ್ಮ ಬೊನಿಫಾಚೊ ನಾಲ್ಕನೆಯ ಕ್ರುಸೇಡಿನ ನಾಯಕನಾಗಿ 1204ರಲ್ಲಿ ಥೆಸಲೊನೀಕಿಯ ದೊರೆಯಾದ, 1207ರಲ್ಲಿ ಬಲ್ಗಾರರೊಂದಿಗಿನ ಹೋರಾಟದಲ್ಲಿ ಮಡಿದ. ಊರಿನಲ್ಲಿ ಉಳಿದವರ ಗತಿಯೂ ಸುಖದ್ದಲ್ಲ. ಏಳನೆಯ ವಿಲಿಯಂನನ್ನು 1290ರಲ್ಲಿ ಅಲೆಸಾಂದ್ರಿಯಾದವರು ಹಿಡಿದು ಕಬ್ಬಿಣದ ಪಂಜರದಲ್ಲಿಟ್ಟರು. 1292ರಲ್ಲಿ ಅದರಲ್ಲಿಯೇ ಸತ್ತ. ಅವನ ಮಗ 1305ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಕಾನ್‌ಸ್ಟಾಂಟಿನೋಪಲ್‌ನ ಸಾಮ್ರಾಜ್ಞಿಯಾಗಿದ್ದ ಅಕ್ಕ ಯೊಲಾಂದಾಗೆ ಹಕ್ಕು ಹೋಯಿತು. ಆಕೆ ತನ್ನ ಮಗ ಥಿಯೊಡೋರ್ ಪಾಲಿಯೊಲೊಗಸ್‌ನನ್ನು 1306ರಲ್ಲಿ ಕಳುಹಿಸಿದಳು. ಹೀಗೆ ಬೈಜಾಂಟಿಯಂ ರಾಜವಂಶದ ಒಂದು ಕವಲು ಪೀಡ್ಮಾಂಟ್ ಗುಡ್ಡಗಳಲ್ಲಿ 1533ರವರೆಗೆ, ಎಂದರೆ ಕಾನ್‌ಸ್ಟಾಂಟಿನೋಪಲ್ ಬಿದ್ದು 80 ವರ್ಷವಾದ ಮೇಲೂ, ಆಳುತ್ತಲೇ ಇತ್ತು. ಸತ್ತವನ ಅಕ್ಕನ ಮೂಲಕ ಬಂದ ಹಕ್ಕು ಪ್ರಾಂತವನ್ನು ಉಳಿಸಿದ ನಿದರ್ಶನ ಇದು. ಆ ನಡುವಿನ ಅವಧಿಯಲ್ಲಿ ನುಂಗಲು ಬಂದವನು ಪಕ್ಕದ ಸಲುತ್ಸೊದ ಮನ್‌ಫ್ರೆದೊ. ಅವನೂ ಅಲೆರಾಮೊ ವಂಶದವನೇ.

ಕಥೆ ಓದುವವಳು

ಸಲುತ್ಸೊ ಬಗ್ಗೆ ಯಾರಾದರೂ ಇನ್ನಷ್ಟು ಹೇಳುವಿರಾ? ಈ ಗಡಿಗಳ ಗುರುತು ಇಂದು ನೆಲದ ಮೇಲೆ ಕಣ್ಣಿಗೆ ಕಾಣುವಂತೆ ಉಳಿದಿದೆಯೇ?

ಪೋ ತೀರವಾಸಿ

ಉಳಿದಿದೆ ಮೇಡಂ, ಕೈಯಿಂದ ಮುಟ್ಟುವಂತೆಯೇ ಉಳಿದಿದೆ.

ಬೊನಿಫಾಚೊ ದೆಲ್ ವಾಸ್ತೊನ ಏಳು ಮಕ್ಕಳು 1142ರಲ್ಲಿ ಪಾಲು ಮಾಡಿಕೊಂಡಾಗ ಸಲುತ್ಸೊ ಬಂದದ್ದು ಮನ್‌ಫ್ರೆದೊ ಎಂಬುವನಿಗೆ. ಉಳಿದ ಪಾಲುಗಳಲ್ಲಿ ಹೆಚ್ಚಿನವು ಸಣ್ಣ ಒಡೆತನಗಳಾಗಿ ಚೂರಾದವು. ಸಲುತ್ಸೊ ಮಾತ್ರ ನಾಲ್ಕು ಶತಮಾನ ಬಾಳಿತು. ಅದಕ್ಕಿದ್ದ ತೊಂದರೆ ಉಪ್ಪಿನದು. ಪ್ರೊವೆನ್ಸಿನ ಸಮುದ್ರದ ಉಪ್ಪು ಬೆಟ್ಟ ದಾಟಿ ಬರಬೇಕು, ಸುಲಭದ ದಾರಿಗಳೆಲ್ಲ ಬೇರೆಯವರ ಸುಂಕದ ಕಟ್ಟೆಗಳ ಮೂಲಕ. ಸ್ವಂತ ದಾರಿಯೆಂದರೆ ಮೊನ್‌ವಿಸೊ ಶಿಖರದ ಮಗ್ಗುಲಲ್ಲಿ, ವರ್ಷದ ಬಹುಪಾಲು ಹಿಮ ತುಂಬಿರುವ ಒಂದು ಕಡಿದಾದ ಏರು. ಮಾರ್ಕೆಸೆ ಎರಡನೆಯ ಲುದೊವೀಕೊ 1479 ಮತ್ತು 1480ರಲ್ಲಿ ಆ ಏರಿನ ನೆತ್ತಿಯ ಕೆಳಗೆ ಬಂಡೆ ಕೊರೆಸಿ ಸುರಂಗ ಮಾಡಿಸಿದ. ಆಲ್ಪ್ಸ್ ಪರ್ವತದಲ್ಲಿ ಮನುಷ್ಯರು ಕೊರೆದ ಮೊದಲ ಸುರಂಗ ಅದೇ ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಹೆಸರು 'ಬೂಕೊ ದಿ ವೀಸೊ', ವೀಸೊದ ತೂತು.

ಕಳೆದ ಆಗಸ್ಟಿನಲ್ಲಿ ಇಬ್ಬರು ಗೆಳೆಯರೊಂದಿಗೆ ಹತ್ತಿದ್ದೆ. ಪೋ ನದಿ ಹುಟ್ಟುವ ಪಿಯಾನ್ ದೆಲ್ ರೇ ಎಂಬಲ್ಲಿ, 2,020 ಮೀಟರ್ ಎತ್ತರದಲ್ಲಿ ನಡಿಗೆ ಶುರು. ಸುರಂಗವಿರುವುದು ಸುಮಾರು 2,880 ಮೀಟರಿನಲ್ಲಿ. ಕೊನೆಯ ಅರ್ಧ ಗಂಟೆ ಬರಿಯ ಕಲ್ಲುಚೂರುಗಳ ಮೇಲೆ ಹೆಜ್ಜೆ. ಬಾಯಿಗೆ ಹೋದರೆ ಒಳಗಿನಿಂದ ಬರುವ ಗಾಳಿ ಹಲ್ಲು ಕಡಕಡಿಸುವಷ್ಟು ತಣ್ಣಗೆ. ಉದ್ದ 75 ಮೀಟರ್ ಮಾತ್ರ. ಆದರೆ ನಡುವೆ ದೀಪವಿಲ್ಲದೆ ಮುಂದಿನವನ ಬೆನ್ನೂ ಕಾಣುವುದಿಲ್ಲ. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಗೋಡೆ ಸವರಿಕೊಂಡು ನಡೆದೆ. ಹೊರೆ ಹೊತ್ತ ಹೇಸರಗತ್ತೆ ಹಾಯಲು ಎಷ್ಟು ಬೇಕೋ ಅಷ್ಟೇ ಅಗಲ, ಅದಕ್ಕಿಂತ ಒಂದಿಷ್ಟೂ ಹೆಚ್ಚು ಕೊರೆದಿಲ್ಲ. ಆಚೆ ಬದಿಗೆ ಬಗ್ಗಿ ಹೊರಬಂದರೆ ಗಿಲ್ ನದಿಯ ಕಣಿವೆ, ಇಂದಿನ ಫ್ರಾನ್ಸ್.

1548ರಲ್ಲಿ ಸಲುತ್ಸೊ ಫ್ರಾನ್ಸಿನ ಪಾಲಾಗಿ, 1601ರ ಲಿಯೋನ್ ಒಪ್ಪಂದದಲ್ಲಿ ಸವೋಯ್‌ಗೆ ಸೇರಿತು. ಸವೋಯ್‌ನವರ ಬಳಿ ಬೇರೆ ಒಳ್ಳೆಯ ದಾರಿಗಳಿದ್ದುದರಿಂದ ಸುರಂಗವನ್ನು ಕೇಳುವವರಿಲ್ಲದಂತಾಯಿತು. ಬಂಡೆ ಕುಸಿದು ಬಾಯಿ ಮುಚ್ಚುವುದು, ಯಾರಾದರೂ ತೆರವು ಮಾಡುವುದು ಶತಮಾನಗಳ ಕಾಲ ನಡೆಯಿತು; ಈಚೆಗೆ 2014ರಲ್ಲಿ ದುರಸ್ತಿಯಾಗಿದೆ. ಬರುವ ಯೋಚನೆಯಿದ್ದರೆ ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವೆ ಬನ್ನಿ, ಟಾರ್ಚ್ ಮರೆಯಬೇಡಿ, ಮಧ್ಯಾಹ್ನದ ಮಂಜು ಏರುವ ಮೊದಲು ಕೆಳಗಿಳಿಯಲು ಬೆಳಗಿನ ಆರಕ್ಕೇ ಹೊರಡಿ. ನಾನು ತೆಗೆದ ಚಿತ್ರಗಳನ್ನು ಈ ವಾರದೊಳಗೆ ಇಲ್ಲಿ ಹಾಕುತ್ತೇನೆ.